ಜೂನ್ ತಿಂಗಳಲ್ಲಿ ನೀರು ಹಾಕುವವರು ಯಾರು?

ಅಟ್ಲಾಂಟಾದ ಉತ್ತರಕ್ಕೆ, ಚಟಹೂಚಿ ನದಿಯ ದಂಡೆಗೆ ಹೊಂದಿಕೊಂಡಿರುವ ಜಾನ್ಸ್ ಕ್ರೀಕ್ ನಗರವೆಂಬ ಮಾನ್ಯತೆ ಪಡೆದದ್ದು 2006ರ ಡಿಸೆಂಬರ್‌ನಲ್ಲಿ. 2020ರ ಜನಗಣತಿಯ ವೇಳೆಗೆ ಅಲ್ಲಿನ ಜನಸಂಖ್ಯೆ 82 ಸಾವಿರವನ್ನು ದಾಟಿತ್ತು. ಈ ಊರನ್ನೂ ಇದರ ನೆರೆಯ ಆಲ್ಫರೆಟ್ಟಾ, ಕಮಿಂಗ್‌ಗಳನ್ನೂ ತಮ್ಮದಾಗಿಸಿಕೊಂಡಿರುವ ಕನ್ನಡ ಕುಟುಂಬಗಳು ಅನೇಕ. ಅವರಲ್ಲಿ ಹೆಚ್ಚಿನವರನ್ನು ಇಲ್ಲಿಗೆ ಎಳೆದು ತಂದದ್ದು ಇಲ್ಲಿನ ಸರ್ಕಾರಿ ಶಾಲೆಗಳ ಹೆಸರು. ಕರ್ನಾಟಕದಲ್ಲಿ ಮಕ್ಕಳನ್ನು ಸರ್ಕಾರಿ ಶಾಲೆಗೆ ಕಳಿಸಲು ಹಿಂಜರಿಯುತ್ತಿದ್ದ ವರ್ಗವೊಂದು ಸಮುದ್ರ ದಾಟಿದ ಮೇಲೆ ಸರ್ಕಾರಿ ಶಾಲೆಯ ಎಲ್ಲೆಯನ್ನು ನಕ್ಷೆಯಲ್ಲಿ ಗುರುತಿಸಿಕೊಂಡು ಮನೆ ಕೊಳ್ಳುವುದು ನಮ್ಮ ಕಾಲದ ಒಂದು ವಿಚಿತ್ರ ಸತ್ಯ. ಹಾಗೆ ಆಯ್ದುಕೊಂಡ ಶಾಲೆಯ ಬಗ್ಗೆ ನಮ್ಮ ಹೊಣೆ ಏನೆಂಬ ಪ್ರಶ್ನೆಯನ್ನು ನಾವು ಅಷ್ಟೇ ಶ್ರದ್ಧೆಯಿಂದ ಕೇಳಿಕೊಂಡಿದ್ದೇವೆಯೇ? ಈ ಸಂಪಾದಕೀಯ ಆ ಪ್ರಶ್ನೆಯನ್ನು ಒಂದು ಸಣ್ಣ ಸಂಗತಿಯ ಮೂಲಕ ಎತ್ತಲು ಬಯಸುತ್ತದೆ: ಮಿಡಲ್ ಸ್ಕೂಲಿನ ಮಕ್ಕಳೂ ಊರಿನ ಸ್ವಯಂಸೇವಕರೂ ಕೂಡಿ ಕಟ್ಟಬಹುದಾದ ಶಾಲಾ ಕೈತೋಟ.

ಕೈತೋಟವನ್ನು ಆರಂಭಿಸುವುದು ಕಷ್ಟವಲ್ಲ. ವಸಂತದ ಒಂದು ಶನಿವಾರ ಮೂವತ್ತು ಪೋಷಕರು ಸೇರಿದರೆ, ಹಲಗೆ ಜೋಡಿಸಿ ಎತ್ತರದ ಪಾತಿಗಳನ್ನು ನಿಲ್ಲಿಸಿ, ಮಣ್ಣು ತುಂಬಿ, ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಕಷ್ಟವಿರುವುದು ಕ್ಯಾಲೆಂಡರಿನಲ್ಲಿ. ಕರ್ನಾಟಕದಲ್ಲಿ ಮುಂಗಾರು ಮತ್ತು ಶಾಲೆ ಹೆಚ್ಚುಕಡಿಮೆ ಒಟ್ಟಿಗೇ ಬಾಗಿಲು ತೆರೆಯುತ್ತವೆ. ಜೂನ್‌ನಲ್ಲಿ ಮಕ್ಕಳು ಹೊಸ ಪುಸ್ತಕ ಹಿಡಿದು ಬರುವಾಗ ಮಳೆಯೂ ಬಂದಿರುತ್ತದೆ, ಬೀಜ ಊರಿದರೆ ಸಾಕು, ಶಾಲೆಯ ವರ್ಷ ಬೆಳೆಯ ವರ್ಷದ ಜೊತೆಗೇ ನಡೆಯುತ್ತದೆ. ಜಾರ್ಜಿಯಾದಲ್ಲಿ ಇದು ತಿರುಗುಮುರುಗು. ಶಾಲೆ ಆಗಸ್ಟ್ ಮೊದಲಲ್ಲಿ ತೆರೆದು ಮೇ ಕೊನೆಗೆ ಮುಚ್ಚುತ್ತದೆ. ಏಪ್ರಿಲ್ ನಡುವಿನವರೆಗೂ ಹಿಮದ ಭಯವಿರುವ ಈ ಭಾಗದಲ್ಲಿ ಟೊಮೇಟೊ, ಬದನೆ, ಮೆಣಸಿನ ಸಸಿಗಳನ್ನು ಬಯಲಿಗೆ ಇಡುವುದೇ ಆನಂತರ. ಅವು ಫಲ ಕೊಡುವ ಜೂನ್, ಜುಲೈ ತಿಂಗಳಲ್ಲಿ ಶಾಲೆಗೆ ಬೀಗ, ಸುಡುವ ಬಿಸಿಲು, ಮಕ್ಕಳು ಬೇಸಿಗೆ ಶಿಬಿರದಲ್ಲಿ, ಪೋಷಕರು ಬೆಂಗಳೂರಿನ ವಿಮಾನದಲ್ಲಿ. ಆಗಸ್ಟ್‌ನಲ್ಲಿ ಹಿಂದಿರುಗಿದ ಮಕ್ಕಳಿಗೆ ಕಾಣುವುದು ಒಣಗಿದ ಕಡ್ಡಿ ಮತ್ತು ಸೊಂಟದೆತ್ತರದ ಕಳೆ. ಶಾಲಾ ತೋಟಗಳು ಸಾಮಾನ್ಯವಾಗಿ ಸಾಯುವುದು ಹೀಗೆ. ಆದ್ದರಿಂದ ತೋಟದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಹಣದ್ದಲ್ಲ, ಜಾಗದ್ದಲ್ಲ: ಜೂನ್‌ನಲ್ಲಿ ನೀರು ಹಾಕುವವರು ಯಾರು? ಶಾಲೆ ಮುಚ್ಚಿದಾಗ ನಲ್ಲಿಯ ಬೀಗದ ಕೈ ಯಾರ ಬಳಿ ಇರುತ್ತದೆ?

ಈ ಪ್ರಶ್ನೆಗೆ ಅರ್ಧ ಉತ್ತರ ಬೆಳೆಗಳ ಆಯ್ಕೆಯಲ್ಲಿದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬಟಾಣಿ, ಮೂಲಂಗಿ, ಪಾಲಕ್ ಬಿತ್ತಿದರೆ ಮೇ ತಿಂಗಳೊಳಗೆ ಮಕ್ಕಳೇ ಕೊಯ್ಯಬಹುದು. ಸೆಪ್ಟೆಂಬರ್‌ನಲ್ಲಿ ಮೆಂತ್ಯ, ಕೊತ್ತಂಬರಿ, ಮತ್ತು ದಕ್ಷಿಣದ ರಾಜ್ಯಗಳ ಅಚ್ಚುಮೆಚ್ಚಿನ ಸೊಪ್ಪಾದ ಕೊಲಾರ್ಡ್ ಹಾಕಿದರೆ ಚಳಿಗಾಲಕ್ಕೆ ಮುನ್ನ ಇನ್ನೊಂದು ಕೊಯ್ಲು. ನಡುವಿನ ಸುಡುಬೇಸಿಗೆಗೆ ಅಲಸಂದೆ ಮತ್ತು ಸಿಹಿಗೆಣಸು. ಇವೆರಡೂ ಬಿಸಿಲನ್ನು ತಾಳುವಂಥವು. ಅಲಸಂದೆ ಮಣ್ಣಿಗೆ ಸಾರಜನಕವನ್ನೂ ಕೂಡಿಸುತ್ತದೆ. ಗೆಣಸಿನ ಬಳ್ಳಿಯನ್ನು ಮೇ ತಿಂಗಳಲ್ಲಿ ನೆಟ್ಟರೆ ನೆಲವನ್ನು ಮುಚ್ಚಿ ಹಬ್ಬಿ ಸೆಪ್ಟೆಂಬರ್ ಹೊತ್ತಿಗೆ ಗೆಡ್ಡೆ ಕೊಡುತ್ತದೆ. ಆರನೆಯ ತರಗತಿಯವರು ನೆಟ್ಟದ್ದನ್ನು ಅವರೇ ಏಳನೆಯ ತರಗತಿಗೆ ಬಂದು ಅಗೆಯುತ್ತಾರೆ. ಎಂಟನೆಯ ತರಗತಿಯವರಾದರೋ ತಾವು ನೆಟ್ಟದ್ದನ್ನು ತಾವು ಉಣ್ಣುವುದಿಲ್ಲ. ಹೈಸ್ಕೂಲಿಗೆ ಹೋಗುವ ಮುನ್ನ ಕಿರಿಯರಿಗಾಗಿ ನೆಟ್ಟು ಹೋಗುತ್ತಾರೆ. ಸಾರ್ವಜನಿಕ ಎಂಬ ಮಾತಿಗೆ ಹದಿಮೂರು ವರ್ಷದ ಮಗುವಿಗೆ ಇದಕ್ಕಿಂತ ಸರಳವಾದ ವ್ಯಾಖ್ಯಾನವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಗೆಣಸಿನ ಎಲೆಯೆಂದರೆ ಜಿಂಕೆಗಳಿಗೆ ಪ್ರಾಣ, ಹಾಗಾಗಿ ಬೇಲಿ ಇಲ್ಲದೆ ಈ ಪಾಠ ಮುಗಿಯುವುದಿಲ್ಲ ಎಂಬುದನ್ನೂ ಸೇರಿಸಬೇಕು.

ಉಳಿದರ್ಧ ಉತ್ತರ ಮನುಷ್ಯರದು, ಮತ್ತು ಅದು ಇಷ್ಟು ಸುಲಭವಲ್ಲ. ಇತಿಹಾಸ ಈ ವಿಷಯದಲ್ಲಿ ಎಚ್ಚರಿಕೆಯನ್ನೂ ಕೊಡುತ್ತದೆ, ಭರವಸೆಯನ್ನೂ ಕೊಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫೆಡರಲ್ ಶಿಕ್ಷಣ ಬ್ಯೂರೋ ‘ಸ್ಕೂಲ್ ಗಾರ್ಡನ್ ಆರ್ಮಿ’ ಎಂಬ ಹೆಸರಿನಲ್ಲಿ ದೇಶದಾದ್ಯಂತ ಶಾಲಾ ಮಕ್ಕಳನ್ನು ತೋಟದ ಕೆಲಸಕ್ಕೆ ಸಜ್ಜುಗೊಳಿಸಿತು. ಯುದ್ಧ ಮುಗಿದು ಸರ್ಕಾರದ ಹಣ ನಿಂತದ್ದೇ ಆ ಸೈನ್ಯ ಕರಗಿಹೋಯಿತು. ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯದು. ಅಲ್ಲಿನ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಮಿಡಲ್ ಸ್ಕೂಲಿನಲ್ಲಿ 1995ರಲ್ಲಿ ಆಲಿಸ್ ವಾಟರ್ಸ್ ಅವರ ಮುಂದಾಳತ್ವದಲ್ಲಿ ಆರಂಭವಾದ ‘ಎಡಿಬಲ್ ಸ್ಕೂಲ್‌ಯಾರ್ಡ್’, ಪಾಳುಬಿದ್ದಿದ್ದ ಡಾಂಬರಿನ ನೆಲವನ್ನು ಸುಮಾರು ಒಂದು ಎಕರೆಯ ತೋಟವಾಗಿಸಿ ಇಂದಿಗೂ ಉಳಿದಿದೆ. ಉಳಿದದ್ದು ಉತ್ಸಾಹದ ಬಲದಿಂದ ಮಾತ್ರವಲ್ಲ. ತೋಟಕ್ಕೂ ಅಡುಗೆಮನೆಗೂ ಸಂಬಳ ಪಡೆಯುವ ಶಿಕ್ಷಕರಿದ್ದಾರೆ. ತೋಟದ ಕೆಲಸ ವೇಳಾಪಟ್ಟಿಯ ಭಾಗ. ವಿಜ್ಞಾನ, ಸಮಾಜ ಪಾಠಗಳು ಅಲ್ಲಿಗೆ ಬಂದು ಹೋಗುತ್ತವೆ. ಸ್ವಯಂಸೇವೆ ಸಂಸ್ಥೆಗೆ ಬಲ ಕೊಡಬಲ್ಲುದು, ಸಂಸ್ಥೆಯ ಜಾಗದಲ್ಲಿ ತಾನೇ ನಿಲ್ಲಲಾರದು.

ನಮ್ಮ ಸಮುದಾಯದ ಸ್ವಯಂಸೇವೆಯ ಸ್ವಭಾವವನ್ನೂ ಇಲ್ಲಿ ನೇರವಾಗಿ ನೋಡಬೇಕಾಗಿದೆ. ನಾವು ದೇಣಿಗೆ ಕೊಡುವವರು, ಶನಿವಾರಗಳನ್ನು ಕೊಡುವವರು, ರೋಬಾಟಿಕ್ಸ್ ಸ್ಪರ್ಧೆಗೂ ಗಣಿತ ಸ್ಪರ್ಧೆಗೂ ಮಕ್ಕಳನ್ನು ಕರೆದೊಯ್ಯಲು ನೂರು ಮೈಲಿ ಕಾರೋಡಿಸುವವರು. ಆದರೆ ಈ ಶ್ರದ್ಧೆಯ ದೊಡ್ಡ ಪಾಲು ನಮ್ಮ ಮಗುವಿನ ಅರ್ಜಿಯಲ್ಲಿ ಒಂದು ಸಾಲಾಗಿ ಮರಳಿ ಬರುವುದೆಂಬ ನಿರೀಕ್ಷೆಯಲ್ಲಿರುತ್ತದೆ. ‘ಸೇವೆಯ ಗಂಟೆ’ಗಳನ್ನು ಎಣಿಸಿ ಪ್ರಮಾಣಪತ್ರ ಪಡೆಯುವ ಪದ್ಧತಿಯಲ್ಲಿ ತೋಟವೂ ಇನ್ನೊಂದು ಸ್ಪರ್ಧೆಯಾಗಿಬಿಡುವ ಅಪಾಯ ನಿಜವಾದದ್ದು. ಇದಕ್ಕೆ ಮದ್ದು ನಿರ್ಧಾರವನ್ನು ಮಕ್ಕಳ ಕೈಗೆ ಕೊಡುವುದು. ಹನ್ನೊಂದರಿಂದ ಹದಿನಾಲ್ಕರ ವಯಸ್ಸು ವಿಶೇಷವಾದದ್ದು: ಹಿರಿಯರ ಮೆಚ್ಚುಗೆಗಾಗಿ ಕೆಲಸ ಮಾಡುವ ಬಾಲ್ಯ ಮುಗಿದಿರುತ್ತದೆ, ಕಾಲೇಜಿನ ಲೆಕ್ಕಾಚಾರ ಇನ್ನೂ ಪೂರ್ಣ ಆವರಿಸಿರುವುದಿಲ್ಲ. ಯಾವ ಪಾತಿಯಲ್ಲಿ ಏನು ಬೆಳೆಯಬೇಕು, ಕೊಯ್ದದ್ದನ್ನು ಏನು ಮಾಡಬೇಕು, ಸರದಿ ತಪ್ಪಿಸಿದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಅವರು ಸಭೆ ಸೇರಿ ತೀರ್ಮಾನಿಸಲಿ. ತಪ್ಪು ತೀರ್ಮಾನವಾದರೆ ಒಂದು ಪಾತಿ ಮೂಲಂಗಿ ಹಾಳಾಗಬಹುದು, ಅಷ್ಟೆ. ಅದನ್ನು ಸರಿಪಡಿಸಲು ರಾತ್ರೋರಾತ್ರಿ ಪೋಷಕರು ಸಸಿ ತಂದು ನೆಡದಿರುವುದೇ ನಿಜವಾದ ಸ್ವಯಂಸೇವೆ.

ಇನ್ನು ಮಣ್ಣಿನ ಮಾತು. ಉತ್ತರ ಜಾರ್ಜಿಯಾದ ಕೆಂಪು ಜೇಡಿಮಣ್ಣು ನಮ್ಮ ಬಯಲುಸೀಮೆಯವರಿಗೆ ಮೊದಲ ನೋಟಕ್ಕೆ ಊರಿನ ನೆನಪು ತರುವಂಥದ್ದು. ಆದರೆ ಆ ಕೆಂಪು ಹೀಗೆ ಹೊರಕ್ಕೆ ಕಾಣುತ್ತಿರುವುದಕ್ಕೆ ಒಂದು ಕಾರಣವಿದೆ: ತಲೆಮಾರುಗಟ್ಟಲೆ ನಡೆದ ಹತ್ತಿ ಬೇಸಾಯದಿಂದ ಮೇಲ್ಮಣ್ಣು ಕೊಚ್ಚಿಹೋಗಿದೆ. ಆಮ್ಲೀಯವಾದ ಈ ನೆಲಕ್ಕೆ ಸಾಮಾನ್ಯವಾಗಿ ಸುಣ್ಣ ಬೇಕಾಗುತ್ತದೆ. ಎಷ್ಟು ಬೇಕೆಂಬುದನ್ನು ತಿಳಿಯಲು ಜಾರ್ಜಿಯಾ ವಿಶ್ವವಿದ್ಯಾಲಯದ ಕೃಷಿ ವಿಸ್ತರಣಾ ಕಚೇರಿಯ ಮೂಲಕ ಅಲ್ಪ ಶುಲ್ಕಕ್ಕೆ ಮಣ್ಣಿನ ಪರೀಕ್ಷೆ ಮಾಡಿಸಬಹುದು. ಮಕ್ಕಳೇ ಮಣ್ಣು ಅಗೆದು, ಚೀಲಕ್ಕೆ ತುಂಬಿ, ಫಲಿತಾಂಶವನ್ನು ಓದಿ ಅರ್ಥ ಮಾಡಿಕೊಳ್ಳುವುದು ತೋಟದ ಮೊದಲ ವಿಜ್ಞಾನ ಪಾಠವಾಗಬೇಕು.

ಆ ಪಾಠ ಶಾಲೆಯ ಬೇಲಿಯ ಬಳಿ ನಿಲ್ಲಬಾರದು. ಜಾನ್ಸ್ ಕ್ರೀಕ್ ಇರುವ ಫುಲ್ಟನ್ ಕೌಂಟಿಯಲ್ಲೇ, ಅಟ್ಲಾಂಟಾ ನಗರದ ಪಶ್ಚಿಮ ಭಾಗದಲ್ಲಿ ಇಂಗ್ಲಿಷ್ ಅವೆನ್ಯೂ ಮತ್ತು ವೈನ್ ಸಿಟಿ ಎಂಬ ಕಪ್ಪು ಜನರ ಬಡಾವಣೆಗಳಿವೆ. ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕೊನೆಯ ವರ್ಷಗಳಲ್ಲಿ ವಾಸವಾಗಿದ್ದದ್ದು ವೈನ್ ಸಿಟಿಯಲ್ಲಿ. ಎಮೊರಿ ವಿಶ್ವವಿದ್ಯಾಲಯದ ಏರಿ ಸೈಕಾವಾ ಮತ್ತು ಸಂಗಡಿಗರು ಸ್ಥಳೀಯ ನಿವಾಸಿಗಳೊಡನೆ ಸೇರಿ ಅಲ್ಲಿನ ತೋಟಗಳ ಮಣ್ಣನ್ನು ಪರೀಕ್ಷಿಸಿದಾಗ ಅಪಾಯಕಾರಿ ಪ್ರಮಾಣದ ಸೀಸ ಕಂಡುಬಂತು. ಹಿಂದೆ ಲೋಹದ ಕುಲುಮೆಗಳ ಕಿಟ್ಟವನ್ನು ತಗ್ಗು ತುಂಬಲು ಬಳಸಿದ್ದರ ಫಲ ಅದು. 2022ರ ಮಾರ್ಚ್‌ನಲ್ಲಿ ಫೆಡರಲ್ ಪರಿಸರ ಸಂರಕ್ಷಣಾ ಸಂಸ್ಥೆ ಆ ಪ್ರದೇಶವನ್ನು ದೇಶದ ಅತಿ ಕಲುಷಿತ ತಾಣಗಳ ಆದ್ಯತಾ ಪಟ್ಟಿಗೆ ಸೇರಿಸಿತು. ಒಂದೇ ಕೌಂಟಿ; ಒಂದು ತುದಿಯಲ್ಲಿ ಮಣ್ಣಿನ ಪರೀಕ್ಷೆಯೆಂದರೆ ಸುಣ್ಣದ ಲೆಕ್ಕ, ಇನ್ನೊಂದೆಡೆ ಅಂಗಳದ ಮಣ್ಣನ್ನೇ ಅಗೆದು ಸಾಗಿಸಬೇಕಾದ ಸ್ಥಿತಿ. ತೋಟದ ಸಂತೋಷ ಯಾರಿಗೆ ಅನಾಯಾಸವಾಗಿ ದಕ್ಕುತ್ತದೆ, ಯಾರಿಗೆ ಅದು ಹೋರಾಟವಾಗುತ್ತದೆ ಎಂಬುದನ್ನು ನಮ್ಮ ಮಕ್ಕಳು ಎರಡು ಪರೀಕ್ಷಾ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ ತಿಳಿಯಬಲ್ಲರು.

ಈ ನೆಲಕ್ಕೆ ಇನ್ನೂ ಹಿಂದಿನ ಕಥೆಯಿದೆ. ಚಟಹೂಚಿಯ ಉತ್ತರದ ಈ ಪ್ರದೇಶ ಚೆರೊಕಿ ಜನರದ್ದಾಗಿತ್ತು. 1832ರಲ್ಲಿ ಜಾರ್ಜಿಯಾ ಸರ್ಕಾರ ಅವರ ನೆಲವನ್ನು ತುಂಡು ಮಾಡಿ ಲಾಟರಿ ಎತ್ತಿ ಬಿಳಿಯರಿಗೆ ಹಂಚಿತು. 1838ರಲ್ಲಿ ಸೈನ್ಯದ ಬಲದಿಂದ ಅವರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಜಾನ್ಸ್ ಕ್ರೀಕ್‌ಗೆ ತಾಗಿಕೊಂಡಿರುವ, ಇಂದು ಸಾವಿರಾರು ಭಾರತೀಯ ಕುಟುಂಬಗಳು ನೆಲೆಸಿರುವ ಫೋರ್ಸೈತ್ ಕೌಂಟಿಯಿಂದ 1912ರಲ್ಲಿ ಸುಮಾರು 1,100 ಕಪ್ಪು ಜನರನ್ನು ಹಿಂಸೆ, ಬೆದರಿಕೆಗಳಿಂದ ಓಡಿಸಲಾಯಿತು. ಅವರು ಬಿಟ್ಟುಹೋದ ಹೊಲಗಳಲ್ಲಿ ಬಹಳಷ್ಟು ಪರರ ಪಾಲಾದವು. ನಾವು ಆ ಕೃತ್ಯಗಳನ್ನು ಮಾಡಿದವರಲ್ಲ, ಆದರೆ ಆ ಕೃತ್ಯಗಳಿಂದ ತೆರವಾದ ನೆಲದ ಮೇಲೆ ಮನೆ ಕಟ್ಟಿಕೊಂಡವರು. 2022ರಲ್ಲಿ ಜಾರ್ಜಿಯಾ ಅಂಗೀಕರಿಸಿದ ಎಚ್‌ಬಿ 1084 ಕಾನೂನು ಜನಾಂಗದ ಕುರಿತ ಕೆಲವು ‘ವಿಭಜಕ ಪರಿಕಲ್ಪನೆ’ಗಳನ್ನು ಶಾಲೆಯಲ್ಲಿ ಬೋಧಿಸುವುದನ್ನು ನಿರ್ಬಂಧಿಸುತ್ತದೆ. ಇತಿಹಾಸವನ್ನು ಹೇಳಬಾರದೆಂದು ಅದು ಹೇಳುವುದಿಲ್ಲ. ಆದರೆ ದೂರಿನ ಭಯ ಶಿಕ್ಷಕರ ನಾಲಿಗೆಯನ್ನು ಕಟ್ಟಲು ಕಾನೂನಿನ ಅಕ್ಷರವೇ ಬೇಕಾಗಿಲ್ಲ. ಇಂಥ ಹೊತ್ತಿನಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳಗಳನ್ನು ಒಟ್ಟಿಗೆ ಬೆಳೆಯುತ್ತಿದ್ದ ಚೆರೊಕಿಯರ ವಿಷಯವನ್ನು ಮಗುವೊಂದು ಪಾತಿಯ ಬಳಿ ಕೇಳಿದರೆ, ಶಿಕ್ಷಕಿ ನಿರ್ಭಯವಾಗಿ ಉತ್ತರಿಸುವಂತೆ ಅವರ ಬೆನ್ನಿಗೆ ನಿಲ್ಲುವ ಪೋಷಕರು ಬೇಕು.

ನಮ್ಮ ಅಡುಗೆಯ ಇತಿಹಾಸವೂ ಅಲ್ಲೇ ಬೆಳೆದು ನಿಂತಿರುತ್ತದೆ. ಅಮೆರಿಕಕ್ಕೆ ಬೆಂಡೆ ಮತ್ತು ಅಲಸಂದೆ ಬಂದದ್ದು ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟ ಜನರೊಂದಿಗೆ. ಅಲಸಂದೆಯೂ ನಮ್ಮ ರಾಗಿಯೂ ಬಹು ಹಿಂದೆಯೇ ಅದೇ ಆಫ್ರಿಕಾ ಖಂಡದಿಂದ ಭಾರತಕ್ಕೆ ಬಂದವು. ಮೆಣಸಿನಕಾಯಿ, ಟೊಮೇಟೊ, ಕಡಲೆಕಾಯಿಗಳು ಈ ಅಮೆರಿಕ ಖಂಡಗಳಿಂದ ನಮ್ಮಲ್ಲಿಗೆ ಹೋದವು. ಬೆಂಡೆಯ ಪಾತಿಯೆದುರು ನಿಂತ ಕನ್ನಡದ ಅಜ್ಜಿಗೂ ಕಪ್ಪು ಸಮುದಾಯದ ಅಜ್ಜಿಗೂ ಮಾತಾಡಲು ವಿಷಯವಿದೆ. ತೋಟವನ್ನು ‘ನಮ್ಮ ಸಂಸ್ಕೃತಿ ಪ್ರದರ್ಶನ’ದ ಮತ್ತೊಂದು ವೇದಿಕೆಯಾಗಿಸದೆ, ಈ ಮಾತು ನಡೆಯುವ ಜಾಗವಾಗಿ ಉಳಿಸಿಕೊಳ್ಳಬೇಕು.

ದುಡಿಮೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದದ್ದು. ಶಾಲೆಯಲ್ಲಿ ಕೈಕೆಲಸ ಇರಬೇಕೇ ಎಂಬ ಮಹತ್ವದ ವಾದವೊಂದು ನಡೆದದ್ದು ಇದೇ ಅಟ್ಲಾಂಟಾದಲ್ಲಿ. 1895ರ ಹತ್ತಿ ಪ್ರದರ್ಶನದ ವೇದಿಕೆಯಿಂದ ಬುಕರ್ ಟಿ. ವಾಷಿಂಗ್ಟನ್, ಕಪ್ಪು ಜನ ರಾಜಕೀಯ ಹಕ್ಕುಗಳಿಗಾಗಿ ಪಟ್ಟುಹಿಡಿಯುವುದಕ್ಕಿಂತ ಕೈಕೆಲಸ, ಬೇಸಾಯಗಳಲ್ಲಿ ಮೇಲೆ ಬರಬೇಕೆಂದು ವಾದಿಸಿದರು. ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿ ಇದನ್ನು ಕಟುವಾಗಿ ವಿಮರ್ಶಿಸಿದರು: ಮತದ ಹಕ್ಕು, ನಾಗರಿಕ ಸಮಾನತೆ, ಉನ್ನತ ಶಿಕ್ಷಣಗಳನ್ನು ಕೈಬಿಟ್ಟು ಬರುವ ದುಡಿಮೆಯ ಶಿಕ್ಷಣ ದಾಸ್ಯದ ಮುಂದುವರಿಕೆಯಾದೀತೆಂಬುದು ಅವರ ನಿಲುವು. ನಮ್ಮ ದೇಶದಲ್ಲೂ ಇದಕ್ಕೆ ಸಮಾನವಾದ ವಾದ ನಡೆದಿದೆ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಕೈಕೆಲಸವನ್ನೇ ಕೇಂದ್ರವಾಗಿಟ್ಟುಕೊಂಡ ನಯೀ ತಾಲೀಮನ್ನು ಮುಂದಿಟ್ಟರು. ಅಂಬೇಡ್ಕರ್ ಅವರಾದರೋ ಹುಟ್ಟಿನಿಂದ ಹೇರಿದ ಹೀನ ದುಡಿಮೆಯನ್ನು ಪವಿತ್ರವೆಂದು ಹೊಗಳುವುದು ದುಡಿಯುವವನಿಗೆ ಮಾಡುವ ಮೋಸವೆಂದು ಎಚ್ಚರಿಸಿದರು.

ಆ ಎಚ್ಚರಿಕೆ ಹಳತಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ವಿದ್ಯಾರ್ಥಿಗಳನ್ನು ಶೌಚಗುಂಡಿಗೆ ಇಳಿಸಿ ಶುಚಿ ಮಾಡಿಸಿದ ಸಂಗತಿ ಬೆಳಕಿಗೆ ಬಂತು. ಶಾಲೆಯ ‘ಶ್ರಮದಾನ’ದಲ್ಲಿ ಯಾರಿಗೆ ಹೂಗಿಡ, ಯಾರಿಗೆ ಪೊರಕೆ ಎಂಬುದನ್ನು ಜಾತಿಯೇ ತೀರ್ಮಾನಿಸಿದ ನೆನಪು ನಮ್ಮ ಓದುಗರಲ್ಲಿ ಹಲವರಿಗೆ ಇದ್ದೀತು. ನಮ್ಮಲ್ಲಿ ಅನೇಕರ ಮನೆತನಗಳಿಗೆ ಭೂಮಿ ಇತ್ತು. ಆದರೆ ಆ ಭೂಮಿಯಲ್ಲಿ ಬಾಗಿದ ಬೆನ್ನು ನಮ್ಮದಾಗಿರಲಿಲ್ಲ. 1951ರ ಕಾಗೋಡು ಸತ್ಯಾಗ್ರಹದಿಂದ ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿಯವರೆಗೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕೇಳಿದ್ದು ಇದನ್ನೇ. ಆ ಸುಧಾರಣೆಯಲ್ಲಿ ಗೇಣಿ ಭೂಮಿ ಪಡೆದವರ ಮೊಮ್ಮಕ್ಕಳೂ ಕಳೆದುಕೊಂಡವರ ಮೊಮ್ಮಕ್ಕಳೂ ಇಂದು ಜಾನ್ಸ್ ಕ್ರೀಕ್‌ನ ಒಂದೇ ಬೀದಿಯಲ್ಲಿ ಇರಬಹುದು. ಅವರಿಬ್ಬರ ಮನೆಯ ಮುಂದಿನ ಹುಲ್ಲನ್ನು ಕತ್ತರಿಸುವವರು ಮಾತ್ರ ಬಹುತೇಕ ಲ್ಯಾಟಿನ್ ಅಮೆರಿಕದಿಂದ ಬಂದ ವಲಸಿಗರು. ಮೈಮುರಿಯುವ ಕೆಲಸವೆಂದರೆ ಬೇರೆಯವರ ಕೆಲಸ ಎಂಬ ಹಳೆಯ ಪಾಠವನ್ನು ನಮ್ಮ ಮಕ್ಕಳು ಜಾತಿಯ ಹೆಸರನ್ನೇ ಕೇಳದೆ ಇಲ್ಲಿ ಹೊಸದಾಗಿ ಕಲಿಯುತ್ತಿದ್ದಾರೆ.

ಆದುದರಿಂದ ತೋಟದ ನಿಯಮದಲ್ಲಿ ಮೊದಲ ಸಾಲು ಸರದಿಯದ್ದಾಗಬೇಕು. ಬೀಜ ಬಿತ್ತುವುದು, ಹಣ್ಣು ಕೊಯ್ಯುವುದು ಎಷ್ಟು ಎಲ್ಲರದೋ, ಗೊಬ್ಬರ ಹೊರುವುದು, ಕಳೆ ಕೀಳುವುದು, ಸಲಿಕೆ ತೊಳೆದಿಡುವುದು ಅಷ್ಟೇ ಎಲ್ಲರದು. ಹುಡುಗ, ಹುಡುಗಿ, ಯಾವ ಮನೆಯ ಮಗು ಎಂಬ ಭೇದವಿಲ್ಲದೆ. ಇದರ ಜೊತೆಗೇ ಮಕ್ಕಳು ತಿಳಿಯಬೇಕಾದದ್ದು, ಎರಡು ಗಂಟೆಯ ಕಳೆ ಕೀಳುವಿಕೆ ರೈತ ಕೂಲಿಯ ಬದುಕಲ್ಲ ಎಂಬುದು. 2011ರಲ್ಲಿ ಜಾರ್ಜಿಯಾ ವಲಸಿಗರ ವಿರುದ್ಧ ಎಚ್‌ಬಿ 87 ಎಂಬ ಕಠಿಣ ಕಾನೂನು ತಂದಾಗ ಕೂಲಿಯಾಳುಗಳು ರಾಜ್ಯವನ್ನೇ ತೊರೆದು, ಕೊಯ್ಯುವವರಿಲ್ಲದೆ ಫಸಲು ಹೊಲದಲ್ಲೇ ಕೊಳೆಯಿತು. 2021ರಲ್ಲಿ ‘ಬ್ಲೂಮಿಂಗ್ ಆನಿಯನ್’ ಎಂದು ಹೆಸರಾದ ತನಿಖೆಯಲ್ಲಿ, ದಕ್ಷಿಣ ಜಾರ್ಜಿಯಾದ ಹೊಲಗಳಲ್ಲಿ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕೂಲಿಗಳನ್ನು ಬಲವಂತದ ದುಡಿಮೆಗೆ ಒಡ್ಡಿದ ಆರೋಪ 24 ಜನರ ಮೇಲೆ ಬಂತು. ಅವರನ್ನು ಕರೆತಂದದ್ದು ಕೃಷಿ ಕೂಲಿಗಳಿಗೆಂದೇ ಇರುವ ತಾತ್ಕಾಲಿಕ ವೀಸಾ ಎಚ್-2ಎ ಮೂಲಕ. ಎಚ್-1ಬಿ ವೀಸಾದ ಸಂಕಟಗಳನ್ನು ಮನೆಯೂಟದ ಮಾತಾಗಿಸಿಕೊಂಡ ನಾವು, ಅದೇ ವರ್ಣಮಾಲೆಯ ಪಕ್ಕದ ಅಂಕಿಯಲ್ಲಿರುವವರ ಸಂಕಟವನ್ನು ಮಕ್ಕಳೆದುರು ಎಂದಾದರೂ ಮಾತಾಡಿದ್ದೇವೆಯೇ? ನೂರು ದಿನ ಕಾದು ಒಂದು ಬುಟ್ಟಿ ಗೆಣಸು ಅಗೆದ ಮಗುವಿಗೆ ಅಂಗಡಿಯಲ್ಲಿ ಒಂದೆರಡು ಡಾಲರಿಗೆ ಸಿಗುವ ಗೆಣಸಿನ ಬೆಲೆಯಲ್ಲಿ ಏನೋ ಲೆಕ್ಕ ತಪ್ಪಿದೆಯೆಂದು ಅನ್ನಿಸಿದರೆ, ತೋಟ ತನ್ನ ಕೆಲಸ ಮಾಡಿದಂತೆ.

ಶಾಲಾ ಕೈತೋಟ ಹಸಿವಿಗೆ ಉತ್ತರವಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ನಾಲ್ಕಾರು ಪಾತಿಗಳ ಬೆಳೆ ನೂರಾರು ಮಕ್ಕಳ ಒಂದು ಹೊತ್ತಿನ ಪಲ್ಯಕ್ಕೂ ಸಾಲದು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭವಾದ ಅಕ್ಷರ ದಾಸೋಹ ಮಕ್ಕಳ ತಟ್ಟೆ ತುಂಬಿದ್ದು ಸರ್ಕಾರದ ಬೊಕ್ಕಸದಿಂದ ಮತ್ತು ಅತ್ಯಲ್ಪ ಗೌರವಧನಕ್ಕೆ ದುಡಿಯುವ ಬಿಸಿಯೂಟದ ಮಹಿಳೆಯರಿಂದ. ಕೈತೋಟದ ಸೊಪ್ಪು ಅದಕ್ಕೆ ಒದಗಿದ ಪೂರಕ ಮಾತ್ರ. ಇಲ್ಲಿ 2025ರ ಮಾರ್ಚ್‌ನಲ್ಲಿ ಫೆಡರಲ್ ಕೃಷಿ ಇಲಾಖೆ, ಶಾಲೆಗಳು ಸ್ಥಳೀಯ ರೈತರಿಂದ ಆಹಾರ ಕೊಳ್ಳಲು ಮೀಸಲಾಗಿದ್ದ ಸುಮಾರು 66 ಕೋಟಿ ಡಾಲರಿನ ಯೋಜನೆಯನ್ನು ರದ್ದುಗೊಳಿಸಿತು. ಸ್ವಯಂಸೇವಕರ ತೋಟಗಳನ್ನು ತೋರಿಸಿ ಇಂಥ ಕಡಿತವನ್ನು ಸಮರ್ಥಿಸುವವರು ನಾಳೆ ಬರಬಹುದು. ತೋಟ ಕಟ್ಟುವ ಕೈಗಳೇ ಆ ಹಣವನ್ನು ಮರಳಿ ಕೇಳುವ ಪತ್ರಕ್ಕೂ ಸಹಿ ಹಾಕಬೇಕು.

ಹಾಗಾದರೆ ಮಾಡಬೇಕಾದದ್ದೇನು? ಫುಲ್ಟನ್ ಕೌಂಟಿಯ ಶಾಲೆಗಳಲ್ಲಿ ಪೋಷಕರ ಚುನಾಯಿತ ಪ್ರತಿನಿಧಿಗಳಿರುವ ಆಡಳಿತ ಮಂಡಳಿಗಳಿವೆ. ಕರ್ನಾಟಕದ ಎಸ್‌ಡಿಎಂಸಿಗಳನ್ನು ಬಲ್ಲವರಿಗೆ ಈ ಕಲ್ಪನೆ ಹೊಸದಲ್ಲ. ನಮ್ಮವರು ಅಲ್ಲಿಗೆ ಸ್ಪರ್ಧಿಸಲಿ, ಸಭೆಗಳಿಗೆ ಹೋಗಲಿ. ತೋಟಕ್ಕೆ ಬಜೆಟ್ಟಿನಲ್ಲಿ ಒಂದು ಸಾಲು, ಅದನ್ನು ನೋಡಿಕೊಳ್ಳುವ ಶಿಕ್ಷಕರಿಗೆ ಅದರ ಸಂಭಾವನೆ ಇರಬೇಕೆಂದು ಕೇಳಲಿ. ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದಂಥ ಸಂಘಗಳು ಒಮ್ಮೆ ಕೊಡುವ ದೇಣಿಗೆಗೆ ಬದಲು ಮೂರು ವರ್ಷಗಳ ಮಾತು ಕೊಡಲಿ, ಏಕೆಂದರೆ ಮಿಡಲ್ ಸ್ಕೂಲಿನ ಒಂದು ಆವರ್ತನ ಮೂರು ವರ್ಷ. ಆ ತೋಟದ ಕೆಲಸಕ್ಕೆ ಕನ್ನಡಿಗರಷ್ಟೇ ಅಲ್ಲದೆ, ಶಾಲೆಯಲ್ಲಿ ಮಕ್ಕಳಿರುವ ಕೊರಿಯಾ, ಚೀನಾ, ಮೆಕ್ಸಿಕೊ ಮೂಲದ, ಕಪ್ಪು, ಬಿಳಿ ಎಲ್ಲ ಕುಟುಂಬಗಳನ್ನೂ ಕರೆಯಲಿ. ಊರಿನಿಂದ ಆರು ತಿಂಗಳಿಗೆ ಬಂದು ಹಗಲೆಲ್ಲ ಮನೆಯೊಳಗೆ ಒಂಟಿಯಾಗಿ ಕೂರುವ ನಮ್ಮ ತಂದೆತಾಯಿಯರಲ್ಲಿ ಮಣ್ಣನ್ನು ಬಲ್ಲವರು ಎಷ್ಟೋ ಜನರಿದ್ದಾರೆ. ಶಾಲೆಯ ನಿಯಮದಂತೆ ಹೆಸರು ನೋಂದಾಯಿಸಿ ಅವರನ್ನು ಕರೆದೊಯ್ದರೆ, ಮಕ್ಕಳಿಗೆ ಗುರುಗಳೂ ಅವರಿಗೆ ಸಂಗಾತಿಗಳೂ ಸಿಕ್ಕಾರು.

ಪಾತಿಯ ಹಲಗೆಗೆ ಆರ್ಡರ್ ಕೊಡುವ ಮುನ್ನ ಒಂದು ಹಾಳೆಯ ಮೇಲೆ ಜೂನ್ ಮೊದಲ ದಿನದಿಂದ ಆಗಸ್ಟ್ ಮೊದಲ ವಾರದವರೆಗೆ ತಾರೀಖುಗಳನ್ನು ಬರೆಯಿರಿ. ಪ್ರತಿ ವಾರಕ್ಕೆ ಎರಡು ಕುಟುಂಬಗಳ ಹೆಸರು ಬೀಳಲಿ. ನಲ್ಲಿಯ ಬೀಗದ ಕೈ ಯಾರ ಬಳಿ ಎಂಬುದೂ ಇರಲಿ. ಆ ಹಾಳೆ ತುಂಬದಿದ್ದರೆ ಈ ವರ್ಷ ತೋಟ ಬೇಡ, ಮುಂದಿನ ವರ್ಷ ನೋಡೋಣ. ತುಂಬಿದರೆ, ಫೆಬ್ರವರಿಯಲ್ಲಿ ಬಟಾಣಿ ಬಿತ್ತಬಹುದು.